ಇಲ್ಲೊಂದು ರೌಟರ್, ಊರಲ್ಲೊಂದು ರೌಟರ್: ಹೊಸಬರಿಗೆ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಜರ್ಮನಿಗೆ ಬರುವ ನಮ್ಮ ಹುಡುಗ ಹುಡುಗಿಯರು ಮನೆ ಸಿಕ್ಕು, ಇಂಟರ್ನೆಟ್ ಬಂದ ಮೇಲೆ ಒಂದು ಮಾತು ಕೇಳೇ ಕೇಳುತ್ತಾರೆ. "ಅಣ್ಣಾ, ರೌಟರಿಗೆ ಓಪನ್ ಸೋರ್ಸ್ ಓಎಸ್ ಹಾಕ್ಬೇಕಂತ ಮಾಡೀನಿ. ಯಾವುದು ಛಲೋ? ಇನ್‌ಸ್ಟಾಲ್ ಮಾಡೂದು ಸರಳ ಇರಬೇಕ್ ನೋಡ್ರಿ." ಓಎಸ್ ಅಂದರೆ ರೌಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಓಪನ್ ಸೋರ್ಸ್ ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದದ್ದು. ಸ್ವಲ್ಪ ಹೊತ್ತು ಮಾತಾಡಿದರೆ ಇನ್ನೊಂದು ಆಸೆಯೂ ಹೊರಗೆ ಬರುತ್ತದೆ. ದೀಪಾವಳಿಗೆ ಊರಿಗೆ ಹೋದಾಗ ಅಲ್ಲೂ ಒಂದು ಕೂರಿಸಿ ಬರಬೇಕು, ಅವ್ವನ ವಿಡಿಯೋ ಕಾಲ್ ನಡುವೆ ನಿಂತು ಹೋಗುತ್ತದೆ ಅಂತ.

ಇನ್‌ಸ್ಟಾಲ್ ಮಾಡುವುದು ಒಮ್ಮೆ ಮಾಡುವ ಕೆಲಸ. ಸರಿಯಾದ ಪೆಟ್ಟಿಗೆ, ಅಂದರೆ ರೌಟರ್, ತಂದರೆ ಚಹಾ ಆರುವುದರೊಳಗೆ ಮುಗಿಯುತ್ತದೆ. ನೀವು ನೋಡಬೇಕಾದದ್ದು ಅದು ಕೆಟ್ಟಾಗ ಏನಾಗುತ್ತದೆ ಅಂತ. ವಿಜಯಪುರದ ಮನೆಯಲ್ಲಿ ಅಪ್ಪ ಸ್ವಿಚ್ ಆಫ್ ಮಾಡಿ ಆನ್ ಮಾಡಬಲ್ಲರು, ಹೇಳಿದರೆ ಒಂದು ಬಟನ್ ಒತ್ತಿ ಹಿಡಿಯಬಲ್ಲರು. ಅಷ್ಟರಲ್ಲಿ ಎದ್ದು ಕೂರುವ ರೌಟರ್ ಬೇಕು. ಈ ಅಳತೆ ಇಟ್ಟುಕೊಂಡರೆ ಆಯ್ಕೆ ತಾನೇ ಸಣ್ಣದಾಗುತ್ತದೆ.

ಮೊದಲು ಇಲ್ಲಿನ ಕಾನೂನು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ನಿಮ್ಮ ಇಷ್ಟದ ರೌಟರ್ ಹಾಕಿಕೊಳ್ಳುವ ಹಕ್ಕು ನಿಮಗಿದೆ. "ನಾವು ಕೊಟ್ಟ ಡಬ್ಬಿಯೇ ಇರಬೇಕು" ಅಂತ ಕಂಪನಿ ಹಟ ಮಾಡುವ ಹಾಗಿಲ್ಲ. ಲಾಗಿನ್ ವಿವರವನ್ನೂ ಕೊಡಬೇಕು. ಕೇಳಲು ಸಂಕೋಚ ಬೇಡ.

ಈಗ ಹೆಸರುಗಳು. ಓಪನ್‌ಡಬ್ಲ್ಯೂಆರ್‌ಟಿ, ಡಿಡಿ-ಡಬ್ಲ್ಯೂಆರ್‌ಟಿ, ಫ್ರೆಶ್‌ಟೊಮ್ಯಾಟೊ, ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್. ಕೊನೆಯ ಎರಡು ಫ್ರೀಬಿಎಸ್‌ಡಿ ಎಂಬ, ಲಿನಕ್ಸ್ ಥರದ ಇನ್ನೊಂದು ಓಎಸ್ ಮೇಲೆ ನಿಂತವು. ಮಾಮೂಲಿ ರೌಟರಿಗೆ ಹಾಕಲು ಬರುವುದಿಲ್ಲ, ಎರಡು ನೆಟ್‌ವರ್ಕ್ ಪೋರ್ಟ್ ಇರುವ ಸಣ್ಣ ಪಿಸಿ ಬೇಕು. 2015ರಲ್ಲಿ ಪಿಎಫ್‌ಸೆನ್ಸ್‌ನಿಂದ ಕವಲೊಡೆದು ಬಂದದ್ದೇ ಓಪಿಎನ್‌ಸೆನ್ಸ್. ಪಿಸಿಗೆ ಲಿನಕ್ಸ್ ಹಾಕಿ ಗೊತ್ತಿದ್ದವರಿಗೆ ಅದರ ಇನ್‌ಸ್ಟಾಲ್ ಎಲ್ಲಕ್ಕಿಂತ ಸುಲಭ ಅನಿಸುತ್ತದೆ. ಪೆನ್‌ಡ್ರೈವ್ ಚುಚ್ಚಿ, ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋದರೆ ಆಯಿತು. ಆದರೆ ಫ್ರೀಬಿಎಸ್‌ಡಿಯಲ್ಲಿ ವೈಫೈ ಬಲಹೀನ. ಅದಕ್ಕೆ ಬೇರೆ ಆಕ್ಸೆಸ್ ಪಾಯಿಂಟ್ (ಬರೀ ವೈಫೈ ಹರಡುವ ಪೆಟ್ಟಿಗೆ) ತರಬೇಕಾಗುತ್ತದೆ. ಬರ್ಲಿನ್ ಫ್ಲ್ಯಾಟಿಗೆ ಇರಲಿ, ಊರಿನ ಮನೆಗೆ ಇದು ಸುಮ್ನೆ ದಂಡ. ಹಾಕಲೇಬೇಕು ಅಂದರೆ ಇನ್‌ಸ್ಟಾಲ್ ಮಾಡುವಾಗ ಡಿಸ್ಕಿನಲ್ಲಿ ಫೈಲ್ ಇಡುವ ವಿಧಾನ ಜಡ್‌ಎಫ್‌ಎಸ್ ಅಂತ ಆರಿಸಿ. ಏಕಾಏಕಿ ಕರೆಂಟ್ ಹೋದರೆ ಹಳೆಯ ಯುಎಫ್‌ಎಸ್‌ಗಿಂತ ಚೆನ್ನಾಗಿ ತಡೆಯುತ್ತದೆ.

ಫ್ರೆಶ್‌ಟೊಮ್ಯಾಟೊ ಬ್ರಾಡ್‌ಕಾಮ್ ಚಿಪ್ ಇರುವ ಹಳೆಯ ರೌಟರ್‌ಗಳಿಗೆ ಒಳ್ಳೆಯದು. ಮನೆಯಲ್ಲಿ ಅಂಥದ್ದು ಬಿದ್ದಿದ್ದರೆ ಉಪಯೋಗಿಸಿ, ಅದಕ್ಕಾಗಿ ಹೊಸದು ಕೊಳ್ಳಬೇಡಿ. ಡಿಡಿ-ಡಬ್ಲ್ಯೂಆರ್‌ಟಿ ಬಹಳ ಪೆಟ್ಟಿಗೆಗಳಿಗೆ ಸಿಗುತ್ತದೆ, ಆದರೆ ಯಾವ ಬಿಲ್ಡ್ (ಬಿಡುಗಡೆಯ ಫೈಲ್) ಹಾಕಬೇಕು ಅಂತ ಹುಡುಕುವುದೇ ಒಂದು ತಲೆನೋವು. ಹೊಸಬರಿಗೆ ನಾನು ಹೇಳುವುದಿಲ್ಲ.

ಉಳಿದದ್ದು ಓಪನ್‌ಡಬ್ಲ್ಯೂಆರ್‌ಟಿ. ನನ್ನ ಓಟು ಇದಕ್ಕೇ, ಕಾರಣ ಒಂದೇ. ಇದರ ಮೂಲ ವ್ಯವಸ್ಥೆ ಓದಲು ಮಾತ್ರ ಬರುವ ಭಾಗದಲ್ಲಿ ಬೀಗ ಹಾಕಿದಂತೆ ಕೂತಿರುತ್ತದೆ. ನೀವು ಮಾಡುವ ಸೆಟ್ಟಿಂಗ್ ಎಲ್ಲಾ ಅದರ ಮೇಲೆ ಬೇರೆ ಪದರದಲ್ಲಿ ಬೀಳುತ್ತದೆ. ಗಾದಿ ಮೇಲಿನ ಚಾದರ ಇದ್ದ ಹಾಗೆ. ಚಾದರ ಹೊಲಸಾದರೆ ಎಳೆದು ತೆಗೆಯಿರಿ, ಗಾದಿ ಹಾಗೇ ಇರುತ್ತದೆ. ಹೆಚ್ಚಿನ ರೌಟರ್‌ಗಳಲ್ಲಿ ರೀಸೆಟ್ ಬಟನ್ ಒತ್ತಿ ಹಿಡಿದರೆ ಆ ಪದರ ಅಳಿಸಿ ಹೋಗುತ್ತದೆ. ಇನ್ನೂ ಒಂದು ದಾರಿ ಇದೆ, ಫೇಲ್‌ಸೇಫ್ ಅಂತ. ಬೂಟ್ ಆಗುವಾಗ ದೀಪ ಚಕಚಕ ಮಿನುಗಿದ ಹೊತ್ತಿಗೆ ಬಟನ್ ಒತ್ತಿದರೆ ಮೇಲಿನ ಪದರ ಬಿಟ್ಟು ಬರೀ ಮೂಲ ವ್ಯವಸ್ಥೆ ಏಳುತ್ತದೆ. ಆಮೇಲೆ ಏನು ಕೆಟ್ಟಿದೆ ನೋಡಬಹುದು.

ಇಲ್ಲಿ ಪೆಟ್ಟಿಗೆ ಕೊಳ್ಳುವುದೇ ನಿಜವಾದ ಕೆಲಸ. ಓಎಸ್ ಆಮೇಲೆ. 16 ಎಂಬಿ ಫ್ಲ್ಯಾಶ್ (ಓಎಸ್ ಕೂರುವ ಜಾಗ), 128 ಎಂಬಿ ರ್‍ಯಾಮ್‌ಗಿಂತ ಕಡಿಮೆ ಇರುವುದನ್ನು ಮುಟ್ಟಬೇಡಿ. ಮೀಡಿಯಾಟೆಕ್ ಅಥವಾ ಕ್ವಾಲ್‌ಕಾಮ್ ಚಿಪ್ ಇರಲಿ. ಬ್ರಾಡ್‌ಕಾಮ್ ಬೇಡ, ಅದರ ವೈಫೈಗೆ ಒಳ್ಳೆ ಓಪನ್ ಡ್ರೈವರ್ ಇಲ್ಲ. ಹೆಸರು ನೋಡಿ ಮೋಸ ಹೋಗಬೇಡಿ, ಕೆಳಗಿನ ಚೀಟಿಯಲ್ಲಿ ವರ್ಷನ್ ನೋಡಿ. ಟಿಪಿ-ಲಿಂಕ್ ಆರ್ಚರ್ ಸಿ6 ಅಂತ ಒಂದೇ ಹೆಸರು. ವರ್ಷನ್ 2ರ ಒಳಗೆ ಕ್ವಾಲ್‌ಕಾಮ್, ವರ್ಷನ್ 3ರ ಒಳಗೆ ಮೀಡಿಯಾಟೆಕ್. ಒಂದರ ಫೈಲ್ ಇನ್ನೊಂದಕ್ಕೆ ನಡೆಯುವುದಿಲ್ಲ. ಇದು ಇವತ್ತಿನ ಚಾಳಿಯಲ್ಲ. ಓಪನ್‌ಡಬ್ಲ್ಯೂಆರ್‌ಟಿಗೆ ಆ ಹೆಸರು ಬಂದದ್ದೇ ಲಿಂಕ್ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ರೌಟರಿನಿಂದ. 2003ರಲ್ಲಿ ಅದರ ಮೂಲ ಕೋಡ್ ಹೊರಗೆ ಬಂತು, 2004ರಲ್ಲಿ ಈ ಯೋಜನೆ ಶುರುವಾಯಿತು. ಮರುವರ್ಷವೇ ಅದೇ ಹೆಸರಿನ ಐದನೇ ವರ್ಷನ್‌ನಲ್ಲಿ ಕಂಪನಿ ಮೆಮೊರಿಯನ್ನು ಅರ್ಧ ಕತ್ತರಿಸಿ, ಲಿನಕ್ಸನ್ನೂ ಕೈಬಿಟ್ಟಿತು. ಲಿನಕ್ಸ್ ಬೇಕೆನ್ನುವವರಿಗೆ ಡಬ್ಲ್ಯೂಆರ್‌ಟಿ54ಜಿಎಲ್ ಅಂತ ಬೇರೆ ಮಾಡೆಲ್ ಮಾರಿತು. ಹೊರಗಿನ ಡಬ್ಬಿ ಮಾತ್ರ ಅದೇ.

ಹುಡುಕಾಟವೇ ಬೇಡ ಅನ್ನುವವರಿಗೆ ಎರಡು ದಾರಿ. ಜಿಎಲ್-ಐನೆಟ್ ರೌಟರ್‌ಗಳು ಓಪನ್‌ಡಬ್ಲ್ಯೂಆರ್‌ಟಿ ಆಧಾರದ ವ್ಯವಸ್ಥೆ ಹಾಕಿಕೊಂಡೇ ಬರುತ್ತವೆ. ಕೆಟ್ಟರೆ ರೀಸೆಟ್ ಒತ್ತಿ ಹಿಡಿದು ಕರೆಂಟ್ ಕೊಟ್ಟರೆ ಬ್ರೌಸರ್‌ನಲ್ಲೇ ಫೈಲ್ ಹಾಕುವ ಪುಟ ತೆರೆಯುತ್ತದೆ. ಇನ್ನೊಂದು ಓಪನ್‌ಡಬ್ಲ್ಯೂಆರ್‌ಟಿ ಒನ್. 2024ರ ನವೆಂಬರಿನಲ್ಲಿ ಆ ಯೋಜನೆಯವರೇ ಬನಾನಾ ಪೈ ಜತೆ ಸೇರಿ ತಂದದ್ದು. ಅದರಲ್ಲಿ ಎರಡು ಫ್ಲ್ಯಾಶ್ ಚಿಪ್ ಇವೆ, ಒಂದು ಓಡಿಸಲು, ಇನ್ನೊಂದು ಕೆಟ್ಟಾಗ ಎಬ್ಬಿಸಲು. ಸಣ್ಣ ಸ್ವಿಚ್ ಸರಿಸಿದರೆ ಎರಡನೆಯದರಿಂದ ಏಳುತ್ತದೆ. ನನಗೆ ಇದು ಬಹಳ ಹಿಡಿಸಿತು. ಕೊರತೆ ಎಂದರೆ ಲ್ಯಾನ್ ಪೋರ್ಟ್ (ಮನೆಯ ಸಾಧನಗಳಿಗೆ ಕೇಬಲ್ ಹಾಕುವ ಜಾಗ) ಒಂದೇ.

ಹಾಕುವ ಕೆಲಸ ಹೀಗೆ. ಓಪನ್‌ಡಬ್ಲ್ಯೂಆರ್‌ಟಿಯ ಫರ್ಮ್‌ವೇರ್ ಸೆಲೆಕ್ಟರ್ ಪುಟದಲ್ಲಿ ಮಾಡೆಲ್, ವರ್ಷನ್ ಕೊಟ್ಟರೆ ಎರಡು ಥರದ ಫೈಲ್ ಸಿಗುತ್ತದೆ. ಫ್ಯಾಕ್ಟರಿ ಅನ್ನುವುದು ಕಂಪನಿಯ ಸಾಫ್ಟ್‌ವೇರ್ ತೆಗೆದು ಮೊದಲ ಸಲ ಹಾಕಲು, ಸಿಸ್‌ಅಪ್‌ಗ್ರೇಡ್ ಅನ್ನುವುದು ಆಮೇಲಿನ ಅಪ್‌ಡೇಟಿಗೆ. ರೌಟರಿನ ಹಳೆಯ ಅಪ್‌ಡೇಟ್ ಪುಟದಲ್ಲೇ ಫ್ಯಾಕ್ಟರಿ ಫೈಲ್ ಕೊಡಿ. ಐದು ನಿಮಿಷ ಕೈ ಕಟ್ಟಿ ಕೂರಿ. ಊರಲ್ಲಿ ಮಾಡುವುದಾದರೆ ಇನ್ವರ್ಟರ್ ಇರುವ ಪ್ಲಗ್ಗಿಗೆ ಹಾಕಿಕೊಂಡೇ ಮಾಡಿ. ಬರೆಯುವಾಗ ಕರೆಂಟ್ ಹೋದರೆ ಪೆಟ್ಟಿಗೆ ಇಟ್ಟಿಗೆಯಂತೆ ಸತ್ತು ಬೀಳಬಹುದು. ಬೇಸಿಗೆಯಲ್ಲಿ ಬಾಗಲಕೋಟೆ ಕಡೆ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ, ಅಲ್ವಾ?

ಮುಗಿದ ಮೇಲೆ ವೈಫೈ ಕಾಣುವುದಿಲ್ಲ, ಗಾಬರಿಯಾಗಬೇಡಿ. ಸಾಮಾನ್ಯವಾಗಿ ಹೊಸದಾಗಿ ಹಾಕಿದಾಗ ವೈಫೈ ಆಫ್ ಇರುತ್ತದೆ. ಲ್ಯಾನ್ ಕೇಬಲ್ ಹಾಕಿ ಬ್ರೌಸರ್‌ನಲ್ಲಿ 192.168.1.1 ತೆರೆಯಬೇಕು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಇರುವುದಿಲ್ಲ, ಆದ್ದರಿಂದ ಯುಎಸ್‌ಬಿ ಅಡಾಪ್ಟರ್ ಬ್ಯಾಗಿಗೆ ಹಾಕಿಕೊಳ್ಳಿ. ಲಾಗಿನ್ ಹೆಸರು ರೂಟ್ (root), ಪಾಸ್‌ವರ್ಡ್ ಖಾಲಿ. ಮೊದಲು ಪಾಸ್‌ವರ್ಡ್ ಹಾಕಿ, ಆಮೇಲೆ ಉಳಿದದ್ದು. ವೈಫೈ ಆನ್ ಮಾಡುವಾಗ ದೇಶ ಆರಿಸುವುದನ್ನು ಮರೆಯಬೇಡಿ. ಇಲ್ಲಿ ಜರ್ಮನಿ, ಅಲ್ಲಿ ಭಾರತ. ಚಾನಲ್ ಮತ್ತು ಪವರ್ ನಿಯಮ ಎರಡೂ ಕಡೆ ಬೇರೆ.

ಇನ್ನು ಊರಿನ ಮನೆ. ಅಲ್ಲಿ ಕಂಪನಿಯವರು ಕೊಟ್ಟ ಫೈಬರ್ ಡಬ್ಬಿಯನ್ನು ಕಿತ್ತು ಹಾಕಲು ಹೋಗಬೇಡಿ. ಬ್ರಿಡ್ಜ್ ಮೋಡ್, ವಿಲ್ಯಾನ್ ನಂಬರ್, ಪಿಪಿಪಿಒಇ ಪಾಸ್‌ವರ್ಡ್ ಅಂತ ಓಡಾಡಿ ರಜೆ ಮುಗಿದುಹೋಗುತ್ತದೆ. ಆ ಡಬ್ಬಿಯ ಲ್ಯಾನ್ ಪೋರ್ಟಿನಿಂದ ನಿಮ್ಮ ರೌಟರಿನ ವ್ಯಾನ್ (ಇಂಟರ್ನೆಟ್ ಒಳಗೆ ಬರುವ) ಪೋರ್ಟಿಗೆ ಒಂದು ತಂತಿ, ಅಷ್ಟೇ. ಆದರೆ ಒಂದು ತೊಡಕಿದೆ. ಅನೇಕ ಡಬ್ಬಿಗಳ ವಿಳಾಸವೂ 192.168.1.1. ಎರಡಕ್ಕೂ ಒಂದೇ ವಿಳಾಸ ಆದರೆ ಏನೂ ತೆರೆಯುವುದಿಲ್ಲ. ತಂತಿ ಹಾಕುವ ಮೊದಲೇ ನಿಮ್ಮದನ್ನು 192.168.30.1 ಮಾಡಿ, ಇಲ್ಲಿನ ಮನೆಯದನ್ನು 192.168.20.1 ಮಾಡಿ. ಎರಡು ಮನೆಗೂ ಬೇರೆ ಬೇರೆ ವಿಳಾಸ ಇದ್ದರೆ ಮುಂದೆ ವೈರ್‌ಗಾರ್ಡ್ (ಇಂಟರ್ನೆಟ್ ಮೂಲಕವೇ ಖಾಸಗಿ ದಾರಿ ಮಾಡುವ ವಿಪಿಎನ್) ಹಾಕಿ ಎರಡನ್ನೂ ಜೋಡಿಸುವುದು ಸಲೀಸು. ಊರಿನ ಲೈನು ಸಾಮಾನ್ಯವಾಗಿ ಹಲವು ಗ್ರಾಹಕರಿಗೆ ಹಂಚಿದ ಒಂದೇ ವಿಳಾಸದ ಹಿಂದೆ ಇರುತ್ತದೆ. ಕಂಪನಿ ಡಬ್ಬಿಯ ಸ್ಟೇಟಸ್ ಪುಟದಲ್ಲಿ 100.64ರಿಂದ 100.127ರವರೆಗಿನ ವಿಳಾಸ ಕಂಡರೆ ಅದೇ. ಹೊರಗಿನಿಂದ ಅಲ್ಲಿಗೆ ಹೋಗಲು ಆಗುವುದಿಲ್ಲ. ವೈರ್‌ಗಾರ್ಡಿನಲ್ಲಿ ಊರಿನ ರೌಟರೇ ಇಲ್ಲಿಗೆ ಕರೆ ಮಾಡುವ ಹಾಗೆ ಇಡಿ, ದಾರಿ ಮುಚ್ಚಿಹೋಗದಂತೆ ಕೀಪ್‌ಅಲೈವ್ 25 ಸೆಕೆಂಡ್ ಕೊಡಿ. ಆಮೇಲೆ ನೀವು ಇಲ್ಲಿಂದಲೇ ಅದರ ಸೆಟ್ಟಿಂಗ್ ನೋಡಬಹುದು.

ಅವ್ವನ ಕಾಲ್ ನಿಲ್ಲುವುದಕ್ಕೆ ಹೆಚ್ಚಾಗಿ ಎರಡು ಕಾರಣ. ತಮ್ಮ ಆಟ ಡೌನ್‌ಲೋಡ್ ಹಚ್ಚಿದಾಗ ಮಾತ್ರ ನಿಂತರೆ ಡೇಟಾ ಸಾಲುಗಟ್ಟಿ ನಿಲ್ಲುತ್ತಿದೆ ಅಂತ ಅರ್ಥ. ಆ ಸಾಲನ್ನು ಹದ್ದಿನಲ್ಲಿಡುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಅದರಲ್ಲಿ ಕೇಕ್ ಎಂಬ ವಿಧಾನ ಆರಿಸಿ, ಅಳೆದ ವೇಗದ ಶೇಕಡಾ 85-90ರಷ್ಟು ಬರೆಯಿರಿ. ಡೌನ್‌ಲೋಡ್ ಕೊಂಚ ನಿಧಾನ ಆಗುತ್ತದೆ, ಮಾತು ಕಡಿಯುವುದು ನಿಲ್ಲುತ್ತದೆ. 100 ಎಂಬಿಪಿಎಸ್ ಲೈನಿಗೆ ಸಾಧಾರಣ ರೌಟರ್ ಸಾಕು, ಗಿಗಾಬಿಟ್ ಇದ್ದರೆ ಪ್ರೊಸೆಸರ್ ಗಟ್ಟಿ ಬೇಕು. ಅಡುಗೆಮನೆಗೆ ಹೋದಾಗ ಮಾತ್ರ ನಿಂತರೆ ಅದು ಗೋಡೆಯ ಸಮಸ್ಯೆ. ಹಳೆಯ ಮಾಳಿಗೆ ಮನೆಯ ಗೋಡೆ ದಾಟಲು 5 ಗಿಗಾಹರ್ಟ್ಸ್‌ಗೆ ಶಕ್ತಿ ಇಲ್ಲ. ಓಎಸ್ ಬದಲಿಸಿದರೆ ಗೋಡೆ ತೆಳ್ಳಗಾಗುವುದಿಲ್ಲ. ಪಡಸಾಲೆಯಿಂದ ಒಳಗೆ ಒಂದು ಕೇಬಲ್ ಎಳೆಸಿ, ಇನ್ನೊಂದು ರೌಟರನ್ನು ಬರೀ ಆಕ್ಸೆಸ್ ಪಾಯಿಂಟ್ ಮಾಡಿ ಇಡಿ.

ಇಲ್ಲಿಂದ ಒಯ್ಯುವುದಾದರೆ ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಇದೆಯಾ ನೋಡಿ. ಇಲ್ಲಿನ ಎರಡು ಕಡ್ಡಿಯ ಪ್ಲಗ್ ನಮ್ಮ ಸಾಕೆಟ್ಟಿಗೆ ಹೋಗುತ್ತದೆ, ಆದರೆ ಸಡಿಲ. ಒಂದು ಕನ್ವರ್ಟರ್ ಅಲ್ಲೇ ಅಂಗಡಿಯಲ್ಲಿ ತಗೊಳ್ಳಿ. ರೌಟರ್ 12 ವೋಲ್ಟಿನದಾದರೆ ಸಣ್ಣ ಯುಪಿಎಸ್ ಕೂಡ ಸಿಗುತ್ತದೆ, ಕೊಡಿಸಿ.

ಹೊರಡುವ ಮುಂಚೆ ಎಲ್ಲಾ ಸೆಟ್ಟಿಂಗಿನ ಬ್ಯಾಕಪ್ ಫೈಲ್ ಇಳಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ದೂರದಿಂದ ಅಪ್‌ಡೇಟ್ ಮಾಡುವಾಗ ನೀವು ಹಾಕಿದ ಪ್ಯಾಕೇಜುಗಳು ಹೋಗಿಬಿಡುತ್ತವೆ, ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಬಳಸಿದರೆ ಅವೂ ಸೇರಿ ಹೊಸ ಫೈಲ್ ಆಗುತ್ತದೆ. ಆದರೂ ಮನೆಯಲ್ಲಿ ಯಾರಾದರೂ ಎಚ್ಚರ ಇರುವ ಹೊತ್ತಿಗೇ ಮಾಡಿ. ಕಂಪನಿ ಡಬ್ಬಿಯ ವೈಫೈಯನ್ನು ಪೂರ್ತಿ ಆಫ್ ಮಾಡಬೇಡಿ, ಬೇರೆ ಹೆಸರಲ್ಲಿ ಬಿಡಿ. ನಿಮ್ಮ ರೌಟರ್ ಮಲಗಿದರೆ ಅಪ್ಪ ಫೋನಿನಲ್ಲಿ ಆ ಹೆಸರು ಒತ್ತಿ ನಿಮಗೆ ಕಾಲ್ ಮಾಡಬಹುದು.