ಬಿಸಿಲು ನಾಡಿನ ಅಂಗಳಕ್ಕೆ ನೀಲಿ ಹೂ: ಜೆಂಟಿಯನ್ ಬೇಡ, ಅಗಸಿ ಹಾಕಿ

ಆನ್‌ಲೈನ್‌ನಲ್ಲಿ ಸಿಗುತ್ತದೆಂದು ಗಾಢ ನೀಲಿ ಹೂವಿನ ಬೆಟ್ಟದ ಗಿಡ ಜೆಂಟಿಯನ್ ಬೀಜ ತರಿಸಬೇಡಿ. ಆಲ್ಪ್ಸ್, ಹಿಮಾಲಯದಂಥ ಎತ್ತರದ ತಂಪಿಗೆ ಒಗ್ಗಿದ ಗಿಡಗಳವು. ಹೆಚ್ಚಿನ ಜಾತಿಗಳ ಬೀಜ ಮೊಳೆಯಲು ಮೊದಲು ವಾರಗಟ್ಟಲೆ ಹಸಿ ಚಳಿ ಬೇಕು. ಅದನ್ನು ಫ್ರಿಜ್‌ನಲ್ಲಿಟ್ಟು ಕೊಟ್ಟರೂ, ರಾಯಚೂರು, ಬಳ್ಳಾರಿಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಕುಂಡದ ಮಣ್ಣು ಕಾದು ಬೇರು ಸಾಯುತ್ತದೆ. ಇಂಗ್ಲಿಷ್ ಕವಿತೆಗಳಲ್ಲಿ ಶರತ್ಕಾಲದ ಕೊನೆಗೆ ಅರಳುವ ಜೆಂಟಿಯನ್ ಸಾವಿನ ಹೊತ್ತಿನ ಭರವಸೆಯಾಗಿ ಬರುತ್ತದೆ. ನಮ್ಮ ನೀಲಿಗೆ ಬೇರೆಯೇ ಅರ್ಥ: ಸಂಸ್ಕೃತ ಸ್ತೋತ್ರಗಳಲ್ಲಿ ಕೃಷ್ಣನ ಮೈಬಣ್ಣಕ್ಕೆ ಹೋಲಿಕೆಯಾಗುವ ಅತಸೀಪುಷ್ಪ ಎಂದರೆ ಹಿಂಗಾರಿ ಹೊಲದ ಅಗಸಿ ಹೂವೇ.

ಬಿತ್ತನೆಗೆ ಅಕ್ಟೋಬರ್ ಸರಿಯಾದ ತಿಂಗಳು. ಚಟ್ನಿಪುಡಿಗೆ ತಂದ ಅಗಸಿಯೂ ಆದೀತು, ಹುರಿದಿರಬಾರದು ಅಷ್ಟೆ. ಬೀಜ ನೆನೆಹಾಕಬೇಡಿ, ನೀರು ತಾಕಿದೊಡನೆ ಲೋಳೆ ಬಿಟ್ಟು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ತಾಯಿಬೇರಿನ ಗಿಡವಾದ್ದರಿಂದ ಸಸಿ ಮಾಡಿ ಕಿತ್ತು ನೆಡುವುದೂ ಬೇಡ, ಬೆಳೆಯುವ ಜಾಗದಲ್ಲೇ ಬಿತ್ತಿ. ಒಂದು ಚದರ ಮೀಟರಿಗೆ ಒಂದು ಸಣ್ಣ ಚಮಚ ಬೀಜ, ಸಾಲಿನಿಂದ ಸಾಲಿಗೆ ಒಂದಡಿ, ಆಳ ಒಂದು ಇಂಚು.

ಕೈಕೊಡುವುದು ಹೆಚ್ಚಾಗಿ ಇಲ್ಲಿ: ಎರಿ (ಕಪ್ಪು) ಮಣ್ಣು ನೀರುಂಡು ಒಣಗಿದಾಗ ಮೇಲೆ ಹೆಪ್ಪುಗಟ್ಟಿ, ಎಳೆ ಮೊಳಕೆ ಒಳಗೇ ಮುರಿಯುತ್ತದೆ. ಅದಕ್ಕೆ ಸಾಲಿನ ಮೇಲೆ ಜರಡಿ ಹಿಡಿದ ತಿಪ್ಪೆಗೊಬ್ಬರ, ಮರಳು ಸಮ ಬೆರೆಸಿ ತೆಳುವಾಗಿ ಮುಚ್ಚಿ. ಮಸಾರಿ (ಕೆಂಪು) ಮಣ್ಣಿನಲ್ಲಿ ಈ ತೊಂದರೆ ಕಡಿಮೆ, ನೀರು ಮಾತ್ರ ಬೇಗ ಬೇಗ ಬೇಕು. ಯೂರಿಯಾ ಹಾಕಿದರೆ ಕಾಂಡ ಉದ್ದವಾಗಿ ಸೊರಗಿ, ಗಾಳಿಗೆ ಗಿಡ ಮಲಗುತ್ತದೆ.

ಸುಮಾರು ಎರಡು ತಿಂಗಳಿಗೆ ಹೂ. ಐದು ತೆಳು ಎಸಳು, ಗೆರೆ ಗೆರೆಯಾಗಿ ಗಾಢ ನೀಲಿ ನರ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನದೊಳಗೆ ಉದುರುತ್ತದೆ. ಪೂಜೆಗೋ ನೋಡುವುದಕ್ಕೋ, ಬಿಸಿಲೇರುವ ಮುನ್ನವೇ ಹೋಗಬೇಕು. ಮರುದಿನ ಬೇರೆ ಮೊಗ್ಗು ಬಿಚ್ಚುವುದರಿಂದ ಕೆಲವು ವಾರ ಹೂವಿಗೆ ಬರವಿಲ್ಲ. ಮೊಗ್ಗು ಅರಳದೆ ಉಬ್ಬಿ ನಿಂತರೆ ಒಂದನ್ನು ಸೀಳಿ ನೋಡಿ: ಒಳಗೆ ಕಿತ್ತಳೆ ಬಣ್ಣದ ಸಣ್ಣ ಹುಳುವಿದ್ದರೆ ಅದು ಮೊಗ್ಗುನೊಣದ ಕಾಟ. ತಡವಾಗಿ ಬಿತ್ತಿದವರಿಗೇ ಇದು ಹೆಚ್ಚು. ಅಂಥ ಮೊಗ್ಗು ಕಿತ್ತು ಸುಟ್ಟುಬಿಡಿ. ಗಿಡ ಇದ್ದಕ್ಕಿದ್ದಂತೆ ಬಾಡಿ ಒಣಗಿದರೆ ಸೊರಗು ರೋಗ. ಅದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮುಂದಿನ ಹಿಂಗಾರಿಗೆ ಬೇರೆ ಜಾಗ ನೋಡಿಕೊಳ್ಳಿ.