ಮರಳಿನ ಮೂಟೆ, ದಂಡ, ಬಸ್ಕಿ: ಮನೆಯಂಗಳದಲ್ಲಿ 12 ವಾರದ ತಾಲೀಮು

ದಿನಕ್ಕೆ 500 ಬಸ್ಕಿ ಹೊಡೆದರೆ ದಮ್ಮು ಬರುತ್ತದೆ, ತೊಡೆ ಪಳಗುತ್ತದೆ. ಕಸುವು ಮಾತ್ರ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಎತ್ತುತ್ತಿರುವುದು ನಿಮ್ಮ ಮೈಭಾರವನ್ನೇ, ಅದು ವಾರವಾರ ಏರುವುದಿಲ್ಲವಲ್ಲ. ಗರಡಿ ಮನೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಲ್ಲಿ ಗದೆ, ಕರೇಲ (ಬೀಸುವ ಮರದ ದಪ್ಪ ಕೋಲು), ಕಲ್ಲುಗುಂಡು ಇರುತ್ತಿದ್ದವು, ಕುಸ್ತಿಯ ಮಣ್ಣಿನ ಕಣಕ್ಕೆ ಇಳಿದರೆ ಎದುರಾಳಿಯ ಭಾರವೂ ಸೇರುತ್ತಿತ್ತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ತುಂಬಿದ ಚೀಲ ಎತ್ತುವ ಪಂದ್ಯ ಈಗಲೂ ನಡೆಯುತ್ತದೆ. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು ತಮ್ಮ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರದ ಪಕ್ಕದಲ್ಲೇ ಬಾರ್ಬೆಲ್ ಇಟ್ಟು ಕಲಿಸಿದರು.

ಭಾರವನ್ನು ಎಷ್ಟು, ಯಾವಾಗ ಏರಿಸಬೇಕು ಎಂಬುದಕ್ಕೆ ಲೆಕ್ಕ ಹಾಕಿಕೊಟ್ಟವರಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಮುಖ್ಯರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಂಡಿಗೆ ಪೆಟ್ಟಾದ ಸೈನಿಕರಿಗೆ ಅವರು ಭಾರ ಎತ್ತಿಸಿದರು. ಮೊದಮೊದಲು ಸುತ್ತುಗಳು (ನಡುವೆ ಬಿಡುವಿಲ್ಲದೆ ಒಂದೇ ಸಮನೆ ಎತ್ತುವ ಸರಣಿ) ಬಹಳ ಇದ್ದವು, 1948ರ ಹೊತ್ತಿಗೆ ಮೂರಕ್ಕೆ ಇಳಿಸಿದರು: 10 ಸಲ ಮಾತ್ರ ಎತ್ತಲು ಆಗುವ ತೂಕದ ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ. ಕೆಳಗಿನ ಕ್ರಮಕ್ಕೆ ಇದೇ ಬುಡ.

ಮೊದಲು ಮೂಟೆ. ಮರಳನ್ನು ಜರಡಿ ಹಿಡಿದು, ಟಾರ್ಪಾಲಿನ ಮೇಲೆ ಹರವಿ ಎರಡು ದಿನ ಚೆನ್ನಾಗಿ ಒಣಗಿಸಿ. ಹಸಿ ಇದ್ದರೆ ಬೂಸಲು ಹಿಡಿಯುತ್ತದೆ, ತೂಕವೂ ನಂಬುವ ಹಾಗಿರುವುದಿಲ್ಲ. ಒಣ ಮರಳು ಲೀಟರಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುತ್ತದೆ. ಅದನ್ನು 2 ಕಿಲೋ ಪೊಟ್ಟಣಗಳಾಗಿ ಕಟ್ಟಿ: ದಪ್ಪ ಪ್ಲಾಸ್ಟಿಕ್ ಚೀಲ ಎರಡು ಪದರ, ಬಾಯಿಗೆ ಟೇಪು, ಮೇಲೆ ತೂಕ ಬರೆದ ಚೀಟಿ. 1 ಕಿಲೋದವೂ ಒಂದೆರಡು ಇರಲಿ. ಹೊರಗಿನ ಚೀಲ ಗಟ್ಟಿ ಕ್ಯಾನ್ವಾಸಿನದಾಗಿರಲಿ. ಅದರ ಮುಕ್ಕಾಲು ಭಾಗ ಮಾತ್ರ ತುಂಬಿ. ಕಂಠಪೂರ್ತಿ ತುಂಬಿದ ಚೀಲ ಕೈಗೆ ಸಿಗುವುದಿಲ್ಲ, ಇಳಿಸುವಾಗ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಗಂಡಸರು 20 ಕಿಲೋದಿಂದ, ಹೆಂಗಸರು 10–12 ಕಿಲೋದಿಂದ ಶುರು ಮಾಡಿದರೆ ಸಾಕು. ಸುಲಭ ಅನ್ನಿಸಿದರೂ ಮೊದಲ ಎರಡು ವಾರ ಅಷ್ಟರಲ್ಲೇ ಇರಿ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಐದು ನಿಮಿಷ ಮೈ ಬಿಸಿ ಮಾಡಿಕೊಂಡು ಶುರು ಮಾಡಿ.

ಬಸ್ಕಿ: ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಮೇಲೇಳುತ್ತದೆ, ಕೈ ಬೀಸುತ್ತದೆ, ವೇಗ ಹೆಚ್ಚು. ಭಾರ ಹೊತ್ತಾಗ ಹಾಗೆ ಮಾಡಬೇಡಿ. ಮೂಟೆಯನ್ನು ಎದೆಗೆ ಅಪ್ಪಿ, ಪಾದವನ್ನು ಭುಜದಗಲಕ್ಕೆ ಇಟ್ಟು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿಕೊಂಡೇ ಮೂರು ಎಣಿಸುತ್ತ ಕೂರಿ. ಮಂಡಿ ಒಳಕ್ಕೆ ವಾಲುತ್ತಿದ್ದರೆ ತೂಕ ಜಾಸ್ತಿಯಾಗಿದೆ ಎಂದೇ ತಿಳಿಯಿರಿ.

ದಂಡ: ಅಂಗೈ ಭುಜಕ್ಕಿಂತ ತುಸು ಅಗಲ, ಸೊಂಟ ಮೇಲೆ. ಎದೆ ಎರಡು ಅಂಗೈಗಳ ನಡುವೆ ನೆಲಕ್ಕೆ ಸವರುವಂತೆ ಜಾರಿ ಮುಂದೆ ಏಳಬೇಕು, ಆಮೇಲೆ ಸೊಂಟ ಹಿಂದಕ್ಕೆ. ಮೊಣಕೈ ರೆಕ್ಕೆಯ ಹಾಗೆ ಹೊರಕ್ಕೆ ಚಾಚಿದರೆ ಭುಜದ ಮುಂಭಾಗ ನೋಯುತ್ತದೆ. ಒಂದೂ ಬರದಿದ್ದರೆ ಜಗಲಿಯ ಮೇಲೆ ಕೈ ಊರಿ ಮಾಡಿ. 15 ಸರಾಗವಾಗಿ ಬಂದ ಮೇಲೆ ಒಂದು ಮೆಟ್ಟಿಲು ಕೆಳಗೆ, ಕೊನೆಗೆ ನೆಲಕ್ಕೆ. ನೆಲದ ಮೇಲೂ 15 ದಾಟಿದರೆ ಕಾಲನ್ನು ಜಗಲಿಗೇರಿಸಿ.

ಮೂಟೆ ಎತ್ತುವುದು: ಸೊಂಟ ಉಳುಕುವುದು ಇಲ್ಲೇ, ಹಾಗಾಗಿ ನಿಧಾನ. ಮೂಟೆ ಎರಡು ಪಾದಗಳ ನಡುವೆ ಇರಲಿ, ಒಂದು ಗೇಣು ಮುಂದಿದ್ದರೂ ಎಳೆತವೆಲ್ಲ ಸೊಂಟಕ್ಕೆ. ಕುಳಿತು ಅಡಿಗೆ ಕೈ ತೂರಿಸಿ, ಬೆನ್ನು ಹಲಗೆಯ ಹಾಗೆ ಬಿಗಿ ಮಾಡಿ, ಮೊದಲು ತೊಡೆಯ ಮೇಲೆ ತಂದುಕೊಳ್ಳಿ. ಅಲ್ಲಿ ಒಂದು ಉಸಿರು. ಆಮೇಲೆ ಅಪ್ಪಿಕೊಂಡು ನಿಲ್ಲಿ. ಭಾರ ಕೈಯಲ್ಲಿರುವಾಗ ಸೊಂಟ ತಿರುಚಬೇಡಿ, ತಿರುಗಬೇಕಿದ್ದರೆ ಪಾದವನ್ನೇ ತಿರುಗಿಸಿ. ಇಳಿಸುವಾಗಲೂ ಇದೇ ದಾರಿ. ಇದನ್ನು 5ರಂತೆ ಮೂರು ಸುತ್ತು ಮಾಡಿ, ಕೊನೆಯಲ್ಲಿ ಮೂಟೆ ಅಪ್ಪಿಕೊಂಡು 30 ಮೀಟರ್ ನಡಿಗೆ, ಎರಡು ಸಲ.

ಬಸ್ಕಿಗೆ ಲೆಕ್ಕ ಹೀಗೆ: ಬರಿ ಮೈಯಲ್ಲಿ ಒಂದು ಸುತ್ತು, ಅರ್ಧದಷ್ಟು ಪೊಟ್ಟಣಗಳನ್ನು ತೆಗೆದು ಒಂದು ಸುತ್ತು, ಪೂರ್ತಿ ತೂಕದಲ್ಲಿ ಎರಡು ಸುತ್ತು, ಪ್ರತಿ ಸುತ್ತಿಗೆ 8ರಿಂದ ಶುರು. ಸುತ್ತುಗಳ ನಡುವೆ ಎರಡು ನಿಮಿಷ. ನಿಲ್ಲಿಸಿದಾಗ ಇನ್ನೂ ಎರಡು ಹೊಡೆಯುವ ಕಸುವು ಉಳಿದಿರಬೇಕು. ಪೂರ್ತಿ ತೂಕದ ಎರಡೂ ಸುತ್ತಿನಲ್ಲಿ 12 ಮುಟ್ಟಿದ ದಿನ 2 ಕಿಲೋ ಸೇರಿಸಿ ಮತ್ತೆ 8ಕ್ಕೆ ಬನ್ನಿ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆಯದವರು ತಿಂಗಳುಗಟ್ಟಲೆ ಒಂದೇ ತೂಕದಲ್ಲಿ ಸುತ್ತುತ್ತಿರುತ್ತಾರೆ, ಇಲ್ಲವೇ ಹುರುಪಿನಲ್ಲಿ ಒಮ್ಮೆಲೇ 10 ಕಿಲೋ ಏರಿಸುತ್ತಾರೆ. ಸ್ನಾಯು ಬೇಗ ಪಳಗುತ್ತದೆ, ಅದನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜು ನಿಧಾನ. ಮೊಣಕೈ, ಮಂಡಿ ನೋವಿಗೆ ಈ ಅಂತರವೂ ಒಂದು ಕಾರಣ. ಮರುದಿನ ತೊಡೆ ಹಿಡಿದುಕೊಂಡರೆ ಹೆದರಬೇಕಿಲ್ಲ, ಎರಡು ಮೂರು ದಿನದಲ್ಲಿ ಬಿಡುತ್ತದೆ. ಕೀಲಿನಲ್ಲಿ ಚುಚ್ಚಿದಂತಾದರೆ, ತಲೆ ಸುತ್ತಿದರೆ, ಎದೆ ಹಿಡಿದರೆ ತಕ್ಷಣ ನಿಲ್ಲಿಸಿ. ಬಿಪಿ, ಹರ್ನಿಯಾ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಭಾರ ಮುಟ್ಟಬಾರದು.

ಇನ್ನು ಊಟ. ಹಳೆಯ ಪೈಲ್ವಾನರ ಬಾದಾಮಿ, ಹಾಲು, ತುಪ್ಪ ಗಂಟೆಗಟ್ಟಲೆ ಬೆವರಿಳಿಸುವವರ ಊಟ. ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ತಾಲೀಮು ಮಾಡುವವರು ಅದನ್ನೇ ತಿಂದರೆ ಬೆಳೆಯುವುದು ಹೊಟ್ಟೆ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಗುರಿಯಾಗಿರಲಿ. 60 ಕಿಲೋ ತೂಗುವವರಿಗೆ ಅದು 96 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಸಲ್ಲದು.

ನಮ್ಮ ಮನೆಗಳಲ್ಲಿ ಎಡವುವುದು ಸಾರಿನಲ್ಲಿ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ ನಿಜ. ಆದರೆ ಆ ಬೇಳೆ ನಾಲ್ಕು ಜನರ ಎರಡು ಹೊತ್ತಿನ ತಿಳಿಸಾರಾದರೆ ಒಬ್ಬರ ಬಟ್ಟಲಿಗೆ ಬರುವುದು 3 ಗ್ರಾಂ ಕೂಡ ಇಲ್ಲ. ಬಸ್ಸಾರಿನದೂ ಇದೇ ಕತೆ: ಹುರುಳಿಕಾಳು, ಅಲಸಂದೆ ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಆದ್ದರಿಂದ ಮುದ್ದೆಗೆ ಸಾರು ಸುರಿದುಕೊಂಡು ಎದ್ದುಬಿಡದೆ, ಪಲ್ಯ ಮಾಡಿದ ಆ ಕಾಳನ್ನು ಎರಡು ಸೌಟು ಬಡಿಸಿಕೊಳ್ಳಿ. ರಾಗಿಯಲ್ಲಿ ಸುಣ್ಣದಂಶ ಧಾರಾಳ, ಪ್ರೋಟೀನ್ ಮಾತ್ರ 100 ಗ್ರಾಂ ಹಿಟ್ಟಿಗೆ 7 ಗ್ರಾಂ ಆಸುಪಾಸು. ಕಸುವಿಗೆ ಮುದ್ದೆಯೊಂದೇ ಸಾಕು ಎಂಬ ಮಾತು ಅರ್ಧ ಸತ್ಯ.

60 ಕಿಲೋದವರ ಒಂದು ದಿನ: ಬೆಳಿಗ್ಗೆ 3 ಇಡ್ಲಿ, 2 ಮೊಟ್ಟೆ, ಒಂದು ಲೋಟ ಹಾಲು, ಸುಮಾರು 26 ಗ್ರಾಂ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ, 50 ಗ್ರಾಂ ಒಣಕಾಳಿನ ಪಲ್ಯ, ದೊಡ್ಡ ಬಟ್ಟಲು ಮೊಸರು, 24. ಸಂಜೆ 40 ಗ್ರಾಂ ಕಡಲೆಕಾಯಿ ಬೀಜ, ಇನ್ನೊಂದು ಲೋಟ ಹಾಲು, 18. ರಾತ್ರಿ 2 ಚಪಾತಿ, 40 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಮಾಡಿದ ಸಾಗು, 27. ಒಟ್ಟು 95. ಮೊಟ್ಟೆ ತಿನ್ನದವರು ಆ 12 ಗ್ರಾಮನ್ನು 60 ಗ್ರಾಂ ಪನೀರಿನಿಂದ ತುಂಬಿಕೊಳ್ಳಬಹುದು. ಇಷ್ಟು ಊಟದಲ್ಲೇ ಸಿಕ್ಕರೆ ಪ್ರೋಟೀನ್ ಪುಡಿಗೆ ದುಡ್ಡು ಸುರಿಯಬೇಕಿಲ್ಲ. ಪುಡಿಗಳಲ್ಲಿ ಕ್ರಿಯಾಟಿನ್ ಮಾನೋಹೈಡ್ರೇಟ್ (ಜೋರು ಕೆಲಸದಲ್ಲಿ ಸ್ನಾಯುವಿಗೆ ಶಕ್ತಿ ಒದಗಿಸುವಂಥದು) ಕೆಲಸಕ್ಕೆ ಬರುತ್ತದೆ: ದಿನಕ್ಕೆ 3–5 ಗ್ರಾಂ. ಮೊದಮೊದಲು ತೂಕ ಒಂದು ಕಿಲೋದಷ್ಟು ಏರಿದರೆ ಅದು ಸ್ನಾಯು ಹಿಡಿದಿಟ್ಟುಕೊಂಡ ನೀರು, ಕೊಬ್ಬಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ದಪ್ಪಗಾಗಬೇಕೆಂದಿರುವ ಸಣಕಲು ಮೈಯವರಿಗೆ ಎರಡು ವಾರವಾದರೂ ತೂಕ ಅಲುಗದಿದ್ದರೆ ಒಂದು ಮುದ್ದೆಯೋ ಒಂದು ಹಿಡಿ ಕಡಲೆಕಾಯಿಯೋ ಸೇರಿಸಬೇಕು. 12 ವಾರ ಮುಗಿದ ಮೇಲೆ ಒಂದು ವಾರ ಅರ್ಧ ತೂಕದಲ್ಲಿ ತಾಲೀಮು ಮಾಡಿ, ನಂತರ ನೋಟ್‌ಬುಕ್ಕಿನ 12ನೇ ವಾರದ ಕೊನೆಯ ಸಾಲಿಗಿಂತ 2 ಕಿಲೋ ಕಡಿಮೆಯಿಂದ ಮುಂದುವರಿಸಿ.