ಬಂಕ್ ಹುಡುಗ ಕೇಳುವ ಮೊದಲೇ ನಂಬರ್ ಗೊತ್ತಿರಲಿ

‘ಎಷ್ಟು ಹಾಕ್ಲಿ ಸಾರ್?’ ಗಾಳಿ ಪೈಪ್ ಹಿಡಿದ ಬಂಕ್ ಹುಡುಗನ ಪ್ರಶ್ನೆ. ‘ಎಲ್ರಿಗೂ ಎಷ್ಟು ಹಾಕ್ತೀಯೋ ಅಷ್ಟೇ ಹಾಕಪ್ಪ’ ಅಂತ ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಅವನು 35 ಒತ್ತುತ್ತಾನೆ, ಮಷೀನ್ ಕೀಂ ಅನ್ನುತ್ತದೆ, ನಾವು ಹೊರಡುತ್ತೇವೆ. ಆದರೆ ನಿಮ್ಮ ಕಾರಿಗೆ ಬೇಕಿದ್ದದ್ದು 30 ಇರಬಹುದು.

ಸರಿಯಾದ ನಂಬರ್ ಕಾರಿನಲ್ಲೇ ಇದೆ. ಡ್ರೈವರ್ ಬಾಗಿಲು ತೆಗೆದು ಪಕ್ಕದ ಕಂಬ ನೋಡಿ, ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಜನ–ಲಗೇಜು ತುಂಬಿದ್ದರೆ ಎಷ್ಟು ಅಂತ ಪಿಎಸ್‌ಐ ಲೆಕ್ಕದಲ್ಲಿ ಬರೆದಿರುತ್ತದೆ (ಠಾಣೆಯ ಪಿಎಸ್‌ಐ ಅಲ್ಲ, ಗಾಳಿಯ ಒತ್ತಡದ ಅಳತೆ). ಟೈರಿನ ಮೇಲೆಯೇ ಅಚ್ಚಾಗಿರುವ ದೊಡ್ಡ ನಂಬರ್ ನೋಡಿ ಮೋಸ ಹೋಗಬೇಡಿ. ಅದು ಟೈರ್ ತಡೆಯುವ ಗರಿಷ್ಠ ಮಿತಿ.

ಚೆಕ್ ಮಾಡಬೇಕಾದದ್ದು ಬೆಳಿಗ್ಗೆ, ಕಾರು ತೆಗೆಯುವ ಮೊದಲು. ಓಡಿದ ಟೈರ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಕಾರು ಮೂರು ಗಂಟೆಯಾದರೂ ನಿಂತಿರಬೇಕು. ಒತ್ತಡ ಅಳೆಯುವ ಒಂದು ಸಣ್ಣ ಗೇಜ್ ಕೊಂಡುಕೊಳ್ಳಿ. ವಾಲ್ವ್ ಕ್ಯಾಪ್ ಬಿಚ್ಚಿ ಜೇಬಿಗೆ ಹಾಕಿ (ನೆಲದ ಮೇಲಿಟ್ಟರೆ ಅದು ಚರಂಡಿಗೇ ಉರುಳುವುದು). ಗೇಜನ್ನು ನೇರವಾಗಿ ಗಟ್ಟಿಯಾಗಿ ಒತ್ತಿ. ‘ಸುಯ್’ ಅಂತ ಸದ್ದು ಬರುತ್ತಲೇ ಇದ್ದರೆ ಓರೆಯಾಗಿದೆ ಎಂದರ್ಥ, ಇನ್ನೊಮ್ಮೆ ಒತ್ತಿ.

ಮನೆಯಲ್ಲಿ ಪಂಪ್ ಇಲ್ಲ, ಬಂಕ್ ಐದು ಕಿಲೋಮೀಟರ್ ದೂರ. ಹೋಗುವಷ್ಟರಲ್ಲಿ ಟೈರ್ ಬಿಸಿ! ಆಗ ಒಂದು ಲೆಕ್ಕ ಇದೆ. ಮನೆಯಲ್ಲಿ ನೋಡಿದಾಗ 28, ಬೇಕಾದದ್ದು 33, ಅಂದರೆ 5 ಕಮ್ಮಿ. ಬಂಕ್‌ನಲ್ಲಿ ಅದೇ ಟೈರ್ 31 ತೋರಿಸಿದರೆ 36ಕ್ಕೆ ಹಾಕಿಸಿ. ತಣ್ಣಗಾದಾಗ 33ಕ್ಕೆ ಬಂದು ನಿಲ್ಲುತ್ತದೆ. ಬಿಸಿ ಟೈರಿನಲ್ಲಿ ಜಾಸ್ತಿ ಕಂಡಿತೆಂದು ಸುಮ್ನೆ ಗಾಳಿ ಬಿಡಬೇಡಿ.

ಕ್ಯಾಪ್ ಹಾಕುವ ಮೊದಲು ವಾಲ್ವ್ ತುದಿಗೆ ಒಂದು ಹನಿ ಸೋಪಿನ ನೀರು ಹಚ್ಚಿ. ಪಂಕ್ಚರ್ ಅಂಗಡಿಯವರು ಎಂಜಲಲ್ಲೇ ಮುಗಿಸುತ್ತಾರೆ. ಗುಳ್ಳೆ ಎದ್ದರೆ ವಾಲ್ವ್ ಪಿನ್ ಲೀಕ್, ಅದನ್ನು ಬದಲಾಯಿಸಿದರೆ ಸಾಕು. ಒಂದೇ ಚಕ್ರ ಪದೇಪದೇ ಇಳಿಯುತ್ತಿದ್ದರೆ ಮಾತ್ರ ಮೊಳೆ ಹುಡುಕಿಸಿ.

ಗಾಳಿ ಕಮ್ಮಿಯಾದರೆ ಟೈರಿನ ಎರಡೂ ಅಂಚು ಸವೆಯುತ್ತವೆ, ಜಾಸ್ತಿಯಾದರೆ ನಡುಭಾಗ. ಎರಡರಲ್ಲಿ ಕಮ್ಮಿಯೇ ಹೆಚ್ಚು ಅಪಾಯ. ಹೆದ್ದಾರಿಯ ವೇಗಕ್ಕೆ ಟೈರ್ ಮಡಚಿ ಮಡಚಿ ಕಾದು ಸಿಡಿಯಬಹುದು. ನೈಟ್ರೋಜನ್ ಬೇಕೇ? ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ 78ರಷ್ಟಿದೆ. ದುಡ್ಡು ಕೊಟ್ಟು ಹಾಕಿಸಿದರೂ ತಿಂಗಳಿಗೊಮ್ಮೆ ಚೆಕ್ ಮಾಡುವುದು ತಪ್ಪುವುದಿಲ್ಲ.

ಸ್ಟೆಪ್ನಿ ಮರೆಯಬೇಡಿ. ಒಮ್ಮೆ ಶಿರಾಡಿ ಘಾಟಿಯಲ್ಲಿ ಟೈರ್ ಪಂಕ್ಚರ್ ಆಗಿ, ಮಳೆಯಲ್ಲಿ, ಡಿಕ್ಕಿಯ ಲಗೇಜೆಲ್ಲ ಇಳಿಸಿ ಸ್ಟೆಪ್ನಿ ತೆಗೆದರೆ ಹೆಬ್ಬೆರಳಿಗೇ ಅದು ಮೆತ್ತಗೆ ತಗ್ಗಿತು. ಅದನ್ನೇ ಹಾಕಿಕೊಂಡು ಆಮೆಯಂತೆ ಸಕಲೇಶಪುರದವರೆಗೆ ಬಂದೆವು. ಈಗ ಅದಕ್ಕೆ ಎರಡು ಪಿಎಸ್‌ಐ ಹೆಚ್ಚೇ ಹಾಕಿಸಿ, ವಾಲ್ವ್ ಕೈಗೆ ಸಿಗುವಂತೆ ಇಟ್ಟಿರುತ್ತೇನೆ.